ಹಲ್ಲಕ್ಕ ಹಿಡಿದ ಕಳ್ಳಬೆಳಕು

ಆ ಓಣಿಯಲ್ಲಿ ಅರವತ್ತು ದಾಟಿದವರು ಯಾರಾದರೂ ಬಾಯ್ತುಂಬ ನಕ್ಕರೆ ಅದರಲ್ಲಿ ಹಲ್ಲಕ್ಕನ ಪಾಲು ಇದ್ದೇ ಇರುತ್ತಿತ್ತು. ಕಟ್ಟುಹಲ್ಲು ಮಾಡುವುದು ಅವಳ ಕಸುಬು. ಮುಖ್ಯರಸ್ತೆಯ ಔಷಧಿ ಅಂಗಡಿಯ ಮೇಲೆ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಅದರ ಬೆನ್ನಿಗೆ, ಕಬ್ಬಿಣದ ಮೆಟ್ಟಿಲು ಹತ್ತಿ ಹೋದರೆ, ಹತ್ತಡಿ ಉದ್ದದ ಒಂದು ಕೋಣೆ. ಒಳಗೆ ಕಾಲಿಟ್ಟವರ ಚಪ್ಪಲಿಗೆ ಬಿಳಿ ಪ್ಲಾಸ್ಟರ್ ಪುಡಿ ಮೆತ್ತಿಕೊಳ್ಳುತ್ತಿತ್ತು. ಗೋಡೆಯ ಹಲಗೆಗಳ ಮೇಲೆ ಚೀಟಿ ಅಂಟಿಸಿಕೊಂಡ ದವಡೆಗಳು ಸಾಲಾಗಿ ಬಾಯಿ ತೆರೆದು ಕೂತಿರುತ್ತಿದ್ದವು. ಮೇಜಿನ ಮೇಲೆ ಗುಲಾಬಿ ಮೇಣ, ಸಣ್ಣ ಉರಿಯ ದೀಪ. ಮೂಲೆಯಲ್ಲಿ ಗಾಜಿನ ಮುಚ್ಚಳದ ಪೆಟ್ಟಿಗೆ. ಅದರೊಳಗೆ ಕೈಹಾಕಿ ಗಾಳಿಯ ರಭಸದಿಂದ ಸಣ್ಣ ಮರಳು ಚಿಮ್ಮಿಸಿದರೆ ಎಂಥ ನುಣ್ಣನೆಯ ಲೋಹವೂ ಒರಟಾಗುತ್ತಿತ್ತು.

ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು, ಅವಳು ಹಲ್ಲು ಕಟ್ಟಿ ಕಳಿಸುತ್ತಿದ್ದಳು. ಹೊಗಳಿಕೆಯೆಲ್ಲ ಡಾಕ್ಟರಿಗೆ. ಅದಕ್ಕಾಗಿ ಅವಳೇನೂ ಹಲ್ಲು ಕಡಿದವಳಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇದೇ ಕೋಣೆಯ ಕಸ ಗುಡಿಸಲು ಬಂದವಳು. ಹಳೆಯ ಯಜಮಾನ ಎದ್ದುಹೋದ ಮೇಲೆ ಅವನು ಕೆತ್ತಿಟ್ಟ ಹಲ್ಲನ್ನು ನೋಡಿ ನೋಡಿ, ಮೇಣದ ಚೂರಿನಲ್ಲಿ ತಾನೂ ಒಂದು ದವಡೆಹಲ್ಲು ಕೆತ್ತಿ ಅವನದರ ಪಕ್ಕದಲ್ಲೇ ಇಟ್ಟಿದ್ದಳು. ಮಾರನೆಯ ದಿನ ಯಜಮಾನ ಅವಳ ಹಲ್ಲನ್ನೇ ತನ್ನದೆಂದು ಎತ್ತಿಕೊಂಡು ಕೆಲಸ ಮುಂದುವರಿಸಿದ. ಅಂದಿನಿಂದ ಪೊರಕೆ ಬಿಟ್ಟು ಚಾಕು ಹಿಡಿದಳು. ಈಗ ಅವಳಿಗೆ ಐವತ್ತಮೂರು.

ಆಕಾಶದ ಹುಚ್ಚು ಹತ್ತಿದ್ದೂ ಹಲ್ಲಿನಿಂದಲೇ. ಎಂಟು ವರ್ಷದ ಹಿಂದೆ, ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರ ಹಲ್ಲಿನ ಸೆಟ್ಟು ಎರಡು ಸಲ ವಾಪಸು ಬಂತು. ಎಲ್ಲೋ ಒತ್ತುತ್ತದೆ, ಎಲ್ಲಿ ಅಂತ ಹೇಳಲು ಬರುವುದಿಲ್ಲ ಎನ್ನುವುದು ದೂರು. ಮೂರನೆಯ ಸಲ ಅವಳು ತಾನೇ ಅವರ ಮನೆಗೆ ಹೋಗಿ, ನೀಲಿ ಕಾಗದ ಕಚ್ಚಿಸಿ, ಮಸಿ ತಗುಲಿದ ಜಾಗವನ್ನು ಕೂದಲೆಳೆಯಷ್ಟು ಉಜ್ಜಿ ಕೊಟ್ಟಳು. ಮೇಷ್ಟ್ರು ಒಂದು ಸೇಬನ್ನು ಕಚಕ್ಕನೆ ಕಚ್ಚಿದರು. ಆ ಖುಷಿಯಲ್ಲಿ ಅವಳನ್ನು ತಾರಸಿಗೆ ಕರೆದುಕೊಂಡು ಹೋಗಿ ದೂರದರ್ಶಕದಲ್ಲಿ ಶನಿಗ್ರಹ ತೋರಿಸಿದರು. ಹಲ್ಲಕ್ಕ ಬಗ್ಗಿ ಕಣ್ಣಿಟ್ಟಳು, ಉಂಗುರ ನೋಡಿದಳು.

"ಇದಕ್ಕೂ ಕ್ಲಿಪ್ ಹಾಕಿದ್ದಾರಲ್ಲ ಸಾರ್!" ಅಂದಳು.

ಮೇಷ್ಟ್ರು ಹೊಸ ಹಲ್ಲು ಉದುರುವಷ್ಟು ನಕ್ಕರು. ಆಮೇಲೆ ವಾರಕ್ಕೊಮ್ಮೆ ಹೋಗಿ ನೋಡುವುದು ರೂಢಿಯಾಯಿತು. ಮೂರು ವರ್ಷದ ಹಿಂದೆ ಅವರ ಕಣ್ಣು ಪೂರ್ತಿ ಮಂಜಾಗಿ, ದೂರದ ಊರಿನಲ್ಲಿರುವ ಮಗಳ ಮನೆಗೆ ಹೊರಟಾಗ, "ಇದನ್ನ ನಿನ್ನ ಹತ್ರ ಬಿಟ್ಟು ಹೋಗ್ತೀನಿ. ನೋಡೋರಿಲ್ಲದ ಮನೇಲಿ ಇದ್ದು ಏನು ಮಾಡುತ್ತೆ?" ಎಂದು ದೂರದರ್ಶಕವನ್ನು ಅವಳಿಗೇ ಕೊಟ್ಟುಬಿಟ್ಟರು. ತಗಡಿನ ನೀಳ ಕೊಳವೆ, ಬುಡದಲ್ಲಿ ಊಟದ ತಟ್ಟೆಯಷ್ಟಗಲದ ಕನ್ನಡಿ, ತುದಿಯ ಹತ್ತಿರ ಪಕ್ಕಕ್ಕೆ ಕ್ಯಾಮೆರಾ ಕೂರಿಸುವ ಗಂಟಲು.

ಅದನ್ನು ತಾರಸಿಗೆ ಹೊರುವುದು ಗಂಡನ ಪಾಲಿಗೆ ಬಂತು. ಅವನು ಲಿಫ್ಟ್ ಮೆಕ್ಯಾನಿಕ್. "ಇಡೀ ದಿನ ಕಂಡೋರ ಲಿಫ್ಟ್ ರಿಪೇರಿ ಮಾಡಿ ಮನೆಗೆ ಬಂದ್ರೆ, ಇಲ್ಲಿ ನಾನೇ ಲಿಫ್ಟು" ಎಂದು ಗೊಣಗುತ್ತಿದ್ದ. ಗೊಣಗಿದರೂ ಎಂದೂ ಅದನ್ನು ಒಂದು ಮೆಟ್ಟಿಲಿಗೂ ತಾಗಿಸಿದವನಲ್ಲ.

ಹಲ್ಲಕ್ಕನ ಮನಸ್ಸು ಕೂತದ್ದು ಒಂದು ಕುದುರೆಯ ಮೇಲೆ. ಚಳಿಗಾಲದಲ್ಲಿ ಸಂಜೆ ಮೇಲೇರುವ ಬೇಟೆಗಾರ ನಕ್ಷತ್ರಪುಂಜದ ನಡುಪಟ್ಟಿಯಲ್ಲಿ ಮೂರು ನಕ್ಷತ್ರಗಳಿವೆಯಲ್ಲ, ಅವುಗಳ ಒಂದು ತುದಿಯದರ ಮಗ್ಗುಲಲ್ಲಿ ಕೆಂಪು ಮಂಜಿನ ಮುಂದೆ ಕಪ್ಪು ದೂಳಿನ ಮೋಡವೊಂದು ಥೇಟು ಕುದುರೆಯ ತಲೆಯಂತೆ ನಿಂತಿದೆ. ಬರಿಗಣ್ಣಿಗೆ ಕಾಣದು; ಕ್ಯಾಮೆರಾದ ಕಣ್ಣನ್ನು ಎರಡೆರಡು ನಿಮಿಷ ತೆರೆದಿಟ್ಟು ಹತ್ತಾರು ಚಿತ್ರ ತೆಗೆದು ಒಂದರ ಮೇಲೊಂದು ಕೂಡಿಸಿದರೆ ಮೆಲ್ಲಗೆ ಮೂಡುತ್ತದೆ. ಅವಳ ಚಿತ್ರದಲ್ಲೂ ಮೂಡಿತು. ಆದರೆ ಕುದುರೆಯ ಕೊರಳಿನ ಮೇಲೆ ಅಡ್ಡಡ್ಡ, ಕುಡುಗೋಲಿನ ಹಾಗೆ ಬಾಗಿದ ಬಿಳಿ ಬೆಳಕಿನದೊಂದು ಪಟ್ಟೆ. ಪಕ್ಕದ ಆ ನಕ್ಷತ್ರ ಬಲು ಪ್ರಖರವಾದದ್ದು. ಅದು ಚಿತ್ರದ ಚೌಕಟ್ಟಿನೊಳಗೆ ಬಾರದಂತೆ ಹೊರಗೇ ಇಟ್ಟರೂ ಅದರ ಬೆಳಕು ಕೊಳವೆಯೊಳಗೆ ಎಲ್ಲಿಂದಲೋ ನುಸುಳಿ ಬಂದು ಚಿತ್ರಕ್ಕೆ ಬರೆ ಎಳೆಯುತ್ತಿತ್ತು.

ಗಂಡ ಚಿತ್ರ ನೋಡಿ, "ಚೆನ್ನಾಗೇ ಇದೆಯಲ್ಲೇ. ಕುದುರೆಗೆ ಲಗಾಮು ಬೇಡ್ವಾ?" ಅಂದ.

ಅವಳಿಗೆ ನಗು ಬರಲಿಲ್ಲ. ಯಾಕೆಂದರೆ ಹಿಂದಿನ ವರ್ಷ ಆ ಚಿತ್ರವನ್ನು ಆಕಾಶವೀಕ್ಷಕರ ಸಂಘದ ಪ್ರದರ್ಶನಕ್ಕೆ ಕೊಟ್ಟಿದ್ದಳು. ಗ್ರಂಥಾಲಯದ ಹಾಲಿನಲ್ಲಿ, ಕುಡಿಯುವ ನೀರಿನ ಯಂತ್ರದ ಹಿಂದಿನ ಗೋಡೆಗೆ ಅದನ್ನು ತಗುಲಿಸಿದ್ದರು. ಸಂಘದ ಅಧ್ಯಕ್ಷ ಟೈಲ್ಸ್ ಅಂಗಡಿಯ ಧಣಿ. ಅವನ ದೂರದರ್ಶಕ ಹೊರದೇಶದ್ದು, ಅದರ ಪೆಟ್ಟಿಗೆಯೇ ಒಂದು ಬೀರುವಿನಷ್ಟಿತ್ತು. ಬಂದವರಿಗೆಲ್ಲ ಚಿತ್ರಗಳನ್ನು ವಿವರಿಸುತ್ತ ಬಂದ ಧಣಿ ಅವಳದರ ಮುಂದೆ ನಿಂತು, "ಇದು ನಮ್ಮ ಹಲ್ಲಕ್ಕಂದು. ಅಭ್ಯಾಸಬಲ ನೋಡಿ, ಕುದುರೆಗೂ ಹಲ್ಲಿನ ತಂತಿ ಕಟ್ಟಿದ್ದಾರೆ" ಎಂದ. ಜನ ನಕ್ಕರು. ಆಮೇಲೆ ಅವಳನ್ನು ಪಕ್ಕಕ್ಕೆ ಕರೆದು, "ಕನ್ನಡೀನೇ ಸರಿಯಿಲ್ಲಮ್ಮ. ಹಳೇ ಮಾಲು. ಅದನ್ನ ಗುಜರಿಗೆ ಹಾಕಿ ಬೇರೆ ತಗೊಳ್ಳಿ" ಎಂದು ಬುದ್ಧಿ ಹೇಳಿದ.

ಅವಳು ನೀರಿನ ಯಂತ್ರದಿಂದ ಒಂದು ಲೋಟ ನೀರು ಹಿಡಿದು ಕುಡಿದು ಮನೆಗೆ ಬಂದಳು. ಮೇಷ್ಟ್ರ ಕನ್ನಡಿಗೆ ಗುಜರಿ ಎನ್ನುವ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚಿಕೊಂಡು ಕೂತಿತು.

ಮೊದಲು ಅವಳು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹಿಂದುಮುಂದು ನೋಡದೆ ಇಡೀ ಕೊಳವೆಯ ಒಳಮೈಗೆ ಕಪ್ಪು ಮಖಮಲ್ಲಿನ ಕಾಗದ ಅಂಟಿಸಲು ಹೊರಟಳು. ಮೂರು ಭಾನುವಾರ ಹಿಡಿಯಿತು. ಮೊಣಕೈವರೆಗೆ ಗೋಂದು, ತಲೆಕೂದಲಲ್ಲಿ ಕಪ್ಪು ಜುಂಗು. ಎಂಬತ್ತೊಂದರ ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, "ಆ ಡ್ರಮ್ಮಿಗೆ ಇಷ್ಟು ಚೆಂದದ ಲಂಗ ಹೊಲೀತಿದ್ದೀಯಲ್ಲ, ನನ್ನ ಕುಪ್ಪಸದ ಗುಂಡಿ ಯಾವಾಗ ಹಾಕ್ತೀಯೇ?" ಎಂದು ಕೇಳಿದರು. ಕೆಲಸ ಮುಗಿದು ಚಿತ್ರ ತೆಗೆದರೆ ಆಕಾಶ ಮೊದಲಿಗಿಂತ ಕಪ್ಪಾಗಿ ಬಂದಿತ್ತು. ಕುಡುಗೋಲು ಮಾತ್ರ ಇದ್ದಲ್ಲೇ ಇತ್ತು. ಸುತ್ತ ಕಪ್ಪಾದದ್ದಕ್ಕೆ ಇನ್ನಷ್ಟು ಎದ್ದು ಕಾಣುತ್ತಿತ್ತು.

ಆ ರಾತ್ರಿ ಅವಳಿಗೆ ಧಣಿ ಹೇಳಿದ್ದೇ ನಿಜವೇನೋ ಅನಿಸಿತು. ಬೆಳಿಗ್ಗೆ ಮೇಷ್ಟ್ರಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು.

"ಕ್ಯಾಮೆರಾನ ತಿರುಗಿಸಿ ನೋಡಿದ್ಯಾ?" ಎಂದು ಕೇಳಿದರು ಮೇಷ್ಟ್ರು. "ಕಾಲುಸುತ್ತು ತಿರುಗಿಸು. ಪಟ್ಟೆ ಚಿತ್ರದ ಅದೇ ಮೂಲೇಲೇ ನಿಂತ್ರೆ ತಪ್ಪು ಕ್ಯಾಮೆರಾದ್ದು. ಕುದುರೆ ಜೊತೆ ತಾನೂ ತಿರುಗಿದ್ರೆ ಕ್ಯಾಮೆರಾ ನಿರಪರಾಧಿ."

ತಿರುಗಿಸಿ ನೋಡಿದಳು. ಪಟ್ಟೆ ಕುದುರೆಯ ಜೊತೆಗೇ ತಿರುಗಿತು. ಅಂದರೆ ಕಳ್ಳ ಇರುವುದು ಕೊಳವೆಯಲ್ಲಿ. ಆದರೆ ಎಲ್ಲಿ? ಮೇಷ್ಟ್ರಿಗೂ ಅಲ್ಲಿಂದ ಮುಂದೆ ಹೇಳಲಾಗಲಿಲ್ಲ.

ಅವಳ ತಲೆ ಓಡಿದ್ದು ಕಸುಬಿನ ದಾರಿಯಲ್ಲಿ. ಹಲ್ಲು ಎಲ್ಲಿ ಒತ್ತುತ್ತದೆಂದು ತಿಳಿಯದಿದ್ದರೆ ಏನು ಮಾಡುತ್ತೇವೆ? ಊಹೆ ಮಾಡಿ ಉಜ್ಜುವುದಿಲ್ಲ. ಎಡಕ್ಕೆ ಕಚ್ಚಿಸಿ, ಬಲಕ್ಕೆ ಕಚ್ಚಿಸಿ, ಮುಂದೆ ಹಿಂದೆ ಕಚ್ಚಿಸಿ ಗುರುತು ನೋಡುತ್ತೇವೆ. ನಕ್ಷತ್ರವನ್ನೂ ಹಾಗೆಯೇ ಕಚ್ಚಿಸಿದರಾಯಿತು. ಮಾರನೆಯ ಸಂಜೆ, ಓಣಿಯ ಮನೆಗಳಲ್ಲಿ ಇನ್ನೂ ಟೀವಿ ಕೂಗುತ್ತಿದ್ದ ಹೊತ್ತಿಗೆ, ದೂರದರ್ಶಕವನ್ನು ಕೂದಲೆಳೆಯಷ್ಟು ಸರಿಸುತ್ತ ಆ ಪ್ರಖರ ನಕ್ಷತ್ರವನ್ನು ಚೌಕಟ್ಟಿನ ಎಡಕ್ಕೆ ಹೊರಗಿಟ್ಟು ಒಂದು ಚಿತ್ರ, ಬಲಕ್ಕೆ ಒಂದು, ಮೇಲೊಂದು, ಕೆಳಗೊಂದು ತೆಗೆದಳು. ನಾಲ್ಕರಲ್ಲೂ ಪಟ್ಟೆ ಬಂದಿತ್ತು, ಪ್ರತಿ ಸಲ ನಕ್ಷತ್ರ ಇದ್ದ ಬದಿಗೇ.

ಅವಳು ನಾಲ್ಕನ್ನೂ ಸಣ್ಣ ಪರದೆಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿದಳು. ಒಂದು ಸ್ಕ್ರೂ ಹೊಳೆಯುತ್ತಿದ್ದರೆ ಒಂದೇ ಕಡೆ ಬರಬೇಕಿತ್ತು. ಕನ್ನಡಿಯ ಒಂದು ಕಡೆ ಗೀರಿದ್ದರೂ ಅಷ್ಟೇ. ನಾಲ್ಕೂ ಕಡೆ ಬರುತ್ತಿದೆ ಅಂದರೆ ಕಳ್ಳ ಸುತ್ತಲೂ ಇದ್ದಾನೆ. ಅವನು ದುಂಡಗಿದ್ದಾನೆ.

"ರೀ, ಅದು ಉಂಗುರ ಕಣ್ರೀ" ಎಂದಳು.

"ಯಾವ ಉಂಗುರ? ಕಳೀತಾ?" ಎಂದು ಗಾಬರಿಯಾಗಿ ಅವಳ ಬೆರಳು ನೋಡಿದ ಗಂಡ.

ಹುಡುಕಾಟವನ್ನು ಅವಳು ಹಗಲಿಗೆ ಬದಲಾಯಿಸಿದಳು. ಕತ್ತಲಲ್ಲಿ ಕಪ್ಪನ್ನು ಹುಡುಕುವುದು ಯಾವ ಜಾಣತನ? ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಸುಣ್ಣ ಬಳಿದ ನೀರಿನ ತೊಟ್ಟಿಯ ಮೇಲೆ ಬಿಸಿಲು ಧಗಧಗ ಹೊಳೆಯುತ್ತಿದ್ದಾಗ, ಕೊಳವೆಯನ್ನು ಎರಡು ಸ್ಟೂಲುಗಳ ಮೇಲೆ ಮಲಗಿಸಿ ಅದರ ಬಾಯನ್ನು ಆ ಬಿಳಿ ಗೋಡೆಯ ಕಡೆಗೆ ತಿರುಗಿಸಿದಳು. ಕ್ಯಾಮೆರಾ ಬಿಚ್ಚಿ, ಕ್ಯಾಮೆರಾದ ಕಣ್ಣಿದ್ದ ಜಾಗದಲ್ಲಿ ತನ್ನ ಕಣ್ಣಿಟ್ಟಳು. ಹಣೆಗೆ ಕೆಲಸದ ಭೂತಗನ್ನಡಿ, ಕೈಯಲ್ಲಿ ಬಾಯಿಯೊಳಗೆ ಇಳಿಸುವ ಉದ್ದ ಹಿಡಿಯ ಪುಟ್ಟ ಕನ್ನಡಿ.

ನಡುವೆ ಬೆಳ್ಳಗೆ ಕನ್ನಡಿಯ ಬಿಂಬ. ಅದರ ಸುತ್ತ ಮಖಮಲ್ಲಿನ ಕಪ್ಪು. ಎಲ್ಲ ಸರಿಯಿತ್ತು. ಆಗ ಅವಳು ಕಣ್ಣನ್ನು ನಡುವಿನಿಂದ ಅಂಚಿಗೆ, ಅಕ್ಕಿಕಾಳಿನಷ್ಟು, ಸರಿಸಿದಳು. ಎದುರುಬದಿಯಲ್ಲಿ ಸಣ್ಣದೊಂದು ಬಿಳಿ ಕುಡುಗೋಲು ಫಳಕ್ಕೆಂದಿತು. ಮತ್ತೆ ನಡುವಿಗೆ ಬಂದಳು, ಇಲ್ಲ. ಅಂಚಿಗೆ ಹೋದಳು, ಇತ್ತು. ಕಣ್ಣು ಸುತ್ತ ಸರಿದಂತೆ ಕುಡುಗೋಲೂ ಸುತ್ತ ಓಡಿತು.

ಪುಟ್ಟ ಕನ್ನಡಿಯನ್ನು ಗಂಟಲೊಳಗೆ ಇಳಿಸಿದಳು. ಮೂವತ್ತನಾಲ್ಕು ವರ್ಷ ದವಡೆಗಳ ಮೂಲೆಮೂಲೆ ನೋಡಿದ ಕೈ ಅದು. ಚಿತ್ರದ ಅಂಚು ಕದಡದಂತೆ ಗಂಟಲಿನಲ್ಲಿ ಒಂದು ಮಸೂರ ಕೂರಿಸಿರುತ್ತಾರೆ. ಆ ಮಸೂರ ಜಾರದಂತೆ ಹಿಡಿದಿಡಲು ಒಂದು ತೆಳ್ಳನೆಯ ತಿರುಪಿನ ಉಂಗುರ. ಹೊಳೆಯುತ್ತಿದ್ದುದು ಅದು.

ಗಂಡನನ್ನು ಕರೆದಳು. ಅವನು ಇಣುಕಿ, "ಕಪ್ಪಗೇ ಇದೆಯಲ್ಲೇ ಇದು?" ಅಂದ.

"ನೇರ ನೋಡಿದ್ರೆ ಕಪ್ಪು. ಓರೆಯಾಗಿ ನೋಡಿ."

ಅವನು ತಲೆ ವಾಲಿಸಿದ. "ಅರೆ! ಬೆಳ್ಳಿ ಕಡಗದ ಹಾಗಿದೆಯಲ್ಲ!"

ಬಣ್ಣ ಕಪ್ಪಾಗಿದ್ದರೆ ಸಾಲದು, ಮೈಯೂ ಒರಟಾಗಿರಬೇಕು ಎನ್ನುವುದನ್ನು ಹಲ್ಲು ಕಟ್ಟುವವರಿಗೆ ಯಾರೂ ಕಲಿಸಬೇಕಿಲ್ಲ. ನುಣುಪಾದ ಹಲ್ಲು ಯಾವ ಬಣ್ಣದ್ದಾದರೂ ದೀಪದ ಕೆಳಗೆ ಬಚ್ಚಲ ಟೈಲ್ಸಿನ ಹಾಗೆ ಮಿರುಗಿ ತಾನು ಸುಳ್ಳುಹಲ್ಲು ಎಂದು ಸಾರುತ್ತದೆ. ಅದರ ಮೈಮೇಲೆ ಕಂಡೂ ಕಾಣದ ಗೀರುಗಳನ್ನು ಎಳೆದು ಹೊಳಪನ್ನು ಮುರಿಯುವುದೇ ಅವಳ ಅರ್ಧ ಜೀವನದ ಕೆಲಸ. ಈ ಉಂಗುರ ಮಾಡಿದ ಪುಣ್ಯಾತ್ಮ ಬಣ್ಣ ಬಳಿದು ಕೈತೊಳೆದುಕೊಂಡಿದ್ದ.

ಸೋಮವಾರ ಡಾಕ್ಟರಿಗೆ ಕೊಡಬೇಕಾಗಿದ್ದ ಮೂರು ಸೆಟ್ಟು ಮುಗಿಸಿ, ಮಧ್ಯಾಹ್ನ ಮಸೂರದ ಗೂಡನ್ನು ಮೇಜಿನ ಮೇಲಿಟ್ಟುಕೊಂಡಳು. ಉಂಗುರ ಜಗ್ಗಲಿಲ್ಲ. ಎಷ್ಟೋ ವರ್ಷದಿಂದ ಕಚ್ಚಿಕೊಂಡು ಕೂತಿತ್ತು. ಜೋರು ಮಾಡಿದರೆ ಸಾಧನ ಜಾರಿ ಗಾಜಿಗೆ ಗೀರು ಬೀಳುವುದು ಖಂಡಿತ. ಗಾಜು ಹೋದರೆ ಕುದುರೆಯೂ ಹೋಯಿತು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಗೂಡಿನ ಹೊರಮೈಗೆ ಸುತ್ತಿ, ಹೊರಗಿನ ಲೋಹ ಹಿಗ್ಗಲೆಂದು ಕಾದಳು. ಒಮ್ಮೆ, ಎರಡು ಸಲ, ಐದು ಸಲ. ಆರನೆಯ ಸಲ ಉಂಗುರ ಕಿರ್ರ್ ಎಂದು ಒಂದು ಗೆರೆಯಷ್ಟು ತಿರುಗಿತು. ಅಷ್ಟರಲ್ಲಿ ಡಾಕ್ಟರ ಕ್ಲಿನಿಕ್ಕಿನ ನರ್ಸು ಮೆಟ್ಟಿಲು ಹತ್ತಿ ಬಂದು, "ಅಕ್ಕಾ, ಅರ್ಜೆಂಟ್ ಒಂದು ಹಲ್ಲು..." ಎಂದು ಶುರು ಮಾಡಿದಳು. ಹಲ್ಲಕ್ಕ ತಲೆಯೆತ್ತದೆ, "ಈಗ ರಾಜ ಬಂದ್ರೂ ಬೊಚ್ಚುಬಾಯಲ್ಲೇ ಕೂತಿರ್ಲಿ" ಎಂದುಬಿಟ್ಟಳು. ಅವಳ ಬಾಯಿಂದ ಅಂಥ ಮಾತು ಆ ಮೆಟ್ಟಿಲು ಅದುವರೆಗೂ ಕೇಳಿರಲಿಲ್ಲ.

ಮಸೂರವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಮೇಣದ ಡಬ್ಬಿಯಲ್ಲಿ ಮುಚ್ಚಿಟ್ಟಳು. ಉಂಗುರವನ್ನು ಗಾಜಿನ ಪೆಟ್ಟಿಗೆಯೊಳಗೆ ಹಿಡಿದು ಮರಳು ಚಿಮ್ಮಿಸಿದಳು. ಎರಡೇ ನಿಮಿಷ. ಫಳಫಳ ಉಂಗುರ ಬೂದಿ ಬಣ್ಣಕ್ಕೆ ತಿರುಗಿ ಒರಟಾಯಿತು. ತಿರುಪಿನ ಎಳೆಗಳನ್ನು ಬಿಟ್ಟು ಉಳಿದ ಮೈಗೆಲ್ಲ ಹೊಳಪಿಲ್ಲದ ಕಪ್ಪು ಬಣ್ಣವನ್ನು ಒಂದೇ ಕೂದಲಿನ ಕುಂಚದಿಂದೆಂಬಂತೆ ಹಚ್ಚಿ ಒಣಗಿಸಿದಳು. ಹೇಗೆ ವಾಲಿಸಿದರೂ, ಯಾವ ದೀಪ ಹಿಡಿದರೂ ಈಗ ಅದು ಬಾಯಿ ಬಿಡಲಿಲ್ಲ. ಮತ್ತೆ ಜೋಡಿಸುವಾಗ ಗಾಜು ಅಲುಗಾಡಲೂ ಬಾರದು, ನಲುಗಲೂ ಬಾರದು. ಆ ಹದ ಅವಳ ಬೆರಳಿಗೆ ಗೊತ್ತಿತ್ತು.

ಆಮೇಲೆ ಹನ್ನೊಂದು ದಿನ ಮೋಡ.

ಹನ್ನೆರಡನೆಯ ದಿನ ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು. ಗಂಡ ಕೆಲಸದ ಬಟ್ಟೆಯನ್ನೂ ಬದಲಿಸದೆ ಕೊಳವೆಯನ್ನು ಮೇಲಕ್ಕೆ ಹೊತ್ತ; ಅಂದು ಗೊಣಗಲೂ ಇಲ್ಲ. ಎಂಟು ಗಂಟೆಗೆ ಬೇಟೆಗಾರ ಎದುರು ಮನೆಯ ತೊಟ್ಟಿಯನ್ನು ದಾಟಿ ಮೇಲೆ ಬಂದ. ಹಲ್ಲಕ್ಕ ಬೇಕೆಂದೇ ಆ ನಕ್ಷತ್ರವನ್ನು ತೀರಾ ಕೆಟ್ಟ ಜಾಗದಲ್ಲಿ, ಅಂದರೆ ಪಟ್ಟೆ ಅತಿ ದಟ್ಟವಾಗಿ ಬರುತ್ತಿದ್ದ ಬದಿಯಲ್ಲಿ, ಚೌಕಟ್ಟಿನ ಹೊಸ್ತಿಲಲ್ಲೇ ನಿಲ್ಲಿಸಿದಳು. ಗುಂಡಿ ಒತ್ತಿದಳು. ಎರಡು ನಿಮಿಷ. ಕೆಳಗೆ ಯಾರದೋ ಕುಕ್ಕರು ಎರಡು ಸಲ ಕೂಗಿತು.

ಪರದೆಯ ಮೇಲೆ ಚಿತ್ರ ಬಂತು. ಮಸುಕಾಗಿ ಕೆಂಪು ಮಂಜು, ಅದರ ಮುಂದೆ ಕಪ್ಪು ತಲೆ, ಬಾಗಿದ ಕೊರಳು. ಕೊರಳಿನ ಮೇಲೆ ಏನೂ ಇಲ್ಲ. ಅವಳು ಚಿತ್ರವನ್ನು ಹಿಗ್ಗಿಸಿದಳು, ಹೊಳಪು ಏರಿಸಿದಳು, ಮೂಲೆಮೂಲೆಗೆ ಹೋದಳು. ಏನೂ ಇಲ್ಲ. ನಕ್ಷತ್ರವನ್ನು ಬಲಕ್ಕೆ ಸರಿಸಿದಳು, ಕೆಳಕ್ಕೆ ಸರಿಸಿದಳು. ಎಲ್ಲೂ ಇಲ್ಲ!

"ಹೋದ! ಕಳ್ಳ ಹೋದ!" ಎಂದು ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು.

ಕೆಳಗಿನಿಂದ ಅತ್ತೆಯ ದನಿ: "ಏನೇ ಅದು? ಕಳ್ಳ ಬಂದ್ನಾ?"

"ಬರ್ಲಿಲ್ಲ ಅತ್ತೆ, ಹೋದ!"

"ಹಾಗಾದ್ರೆ ಹಿಡೀರೋ ಅವನನ್ನ!" ಎಂದು ಅತ್ತೆ ಕೋಲು ಕುಟ್ಟಿದರು. ಗಂಡ ಹೊಟ್ಟೆ ಹಿಡಿದುಕೊಂಡು ತಾರಸಿಯ ಮೇಲೆಯೇ ಕುಕ್ಕರಿಸಿಬಿಟ್ಟ. ಹಲ್ಲಕ್ಕನ ಕಣ್ಣಲ್ಲಿ ನೀರು ಬರುತ್ತಿತ್ತು. ನಗುವಿನದೋ ಮತ್ತೇತರದೋ ಅವಳಿಗೇ ತಿಳಿಯಲಿಲ್ಲ. ಆ ವಾರ ನಾಲ್ಕು ಸಂಜೆಗಳಲ್ಲಿ ತೊಂಬತ್ತು ಚಿತ್ರ ತೆಗೆದು ಕೂಡಿಸಿದಳು. ಪಟ್ಟೆಯ ಅಡಿಯಲ್ಲಿ ಇಷ್ಟು ದಿನ ಅಡಗಿದ್ದ ಹೊಗೆಯೆಳೆಗಳು, ಕುದುರೆಯ ಕೇಸರದ ಹಾಗೆ, ಒಂದೊಂದಾಗಿ ಮೇಲೆದ್ದು ಬಂದವು.

ಸಂಘದ ಸಭೆಯಲ್ಲಿ ಆ ವರ್ಷದ ಪ್ರದರ್ಶನಕ್ಕೆ ಚಿತ್ರಗಳನ್ನು ಆರಿಸುವಾಗ ಅವಳದ್ದು ಮೇಜಿನ ಮೇಲೆ ಬಂತು. ಧಣಿ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿದ.

"ಕಂಪ್ಯೂಟರಲ್ಲಿ ಚೆನ್ನಾಗಿ ಅಳಿಸಿದ್ದೀರಿ" ಅಂದ.

"ಅಳಿಸಿಲ್ಲ ಅಣ್ಣ. ತೊಂಬತ್ತು ಚಿತ್ರಾನೂ ತೆಗೆದ ಹಾಗೇ ತಂದಿದ್ದೀನಿ. ಹಾಕಿ ನೋಡಿ."

ಗೋಡೆಯ ಮೇಲೆ ಒಂದೊಂದಾಗಿ ಹಾಕಿದರು. ಮೂವತ್ತು ದಾಟುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ಶುರುಮಾಡಿದರು. ಅದು ಮುಂದಿನ ಸಾಲಿಗೆ ಬಂತು. ಧಣಿಯೂ ಕೊನೆಗೆ ತಟ್ಟಿದ, ಆದರೆ ಅವನ ಮುಖ ಏನೋ ಯೋಚನೆಯಲ್ಲಿತ್ತು. ಆ ಚಿತ್ರವನ್ನು ಹಾಲಿನ ಮುಂಬಾಗಿಲ ಎದುರಿಗೇ ಹಾಕಬೇಕೆಂದು ತೀರ್ಮಾನವಾಯಿತು.

ಮಾರನೆಯ ಮಧ್ಯಾಹ್ನ ಕಬ್ಬಿಣದ ಮೆಟ್ಟಿಲ ಮೇಲೆ ಭಾರದ ಹೆಜ್ಜೆಯ ಸದ್ದು. ನೋಡಿದರೆ ಧಣಿ, ತನ್ನ ಹೊರದೇಶದ ದೂರದರ್ಶಕವನ್ನು ಹೊದಿಕೆಯಲ್ಲಿ ಸುತ್ತಿ ಮಗುವಿನ ಹಾಗೆ ಎತ್ತಿಕೊಂಡು ನಿಂತಿದ್ದ. ಏದುಸಿರು ಬಿಡುತ್ತ ದವಡೆಗಳ ಸಾಲನ್ನು ನೋಡಿದ, ಬೆನ್ನಿನಿಂದಲೇ ಬಾಗಿಲು ಮುಚ್ಚಿದ.

"ಅಕ್ಕ, ಯಾರಿಗೂ ಹೇಳ್ಬೇಡಿ. ನಂದ್ರಲ್ಲೂ ಇದೆ. ನಾಲ್ಕು ವರ್ಷದಿಂದ ಕಂಪ್ಯೂಟರಲ್ಲಿ ಅಳಿಸ್ತಾ ಇದ್ದೀನಿ."

ಒಂದು ಮಾತು ಕುಟುಕಲು ಇಂಥ ಅವಕಾಶ ಮತ್ತೆ ಸಿಗುತ್ತಿರಲಿಲ್ಲ. ಅದು ಅವಳ ನಾಲಗೆಯ ತುದಿಗೂ ಬಂದಿತ್ತು. ಆದರೆ ಎತ್ತಿಕೊಂಡು ಬಂದವನ ಮುಖ, ಹಲ್ಲುನೋವಿಗೆ ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವರ ಮುಖದ ಹಾಗಿತ್ತು. ಅವಳು ಮೇಜಿನ ಮೇಲಿದ್ದ ಮೇಣವನ್ನೆಲ್ಲ ಬದಿಗೆ ಸರಿಸಿ, "ಮಲಗಿಸಿ ಇಲ್ಲಿ" ಅಂದಳು.

ಹತ್ತೇ ನಿಮಿಷದಲ್ಲಿ ಸಿಕ್ಕಿತು. ಅವನದರಲ್ಲಿ ಉಂಗುರವಲ್ಲ, ಒಳಗಿನ ಸಣ್ಣ ಕನ್ನಡಿಯ ಬಿಳಿ ಅಂಚು. ಅಂಚಿಗೆ ಯಾರೂ ಕಪ್ಪು ಹಚ್ಚಿಯೇ ಇರಲಿಲ್ಲ. ಪುಟ್ಟ ಕನ್ನಡಿಯಲ್ಲಿ ಅದನ್ನು ಅವನಿಗೇ ತೋರಿಸಿದಳು. ಧಣಿ ಬಹಳ ಹೊತ್ತು ನೋಡಿ ನಿಟ್ಟುಸಿರಿಟ್ಟ. "ಇಷ್ಟೇನಾ? ಇದನ್ನ ಎಲ್ಲರಿಗೂ ಹೇಳಿಕೊಡಿ ಅಕ್ಕ. ನಾನೇ ಜನ ಸೇರಿಸ್ತೀನಿ. ನಂದನ್ನೂ ಅವರ ಎದುರಿಗೇ ತೋರಿಸಿ, ಪರವಾಗಿಲ್ಲ."

ಅವನು ಮಾತಿಗೆ ತಪ್ಪಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಗ್ರಂಥಾಲಯದ ತಾರಸಿಯ ಮೇಲೆ ಒಂಬತ್ತು ದೂರದರ್ಶಕಗಳು ಬಿಳಿ ಗೋಡೆಗೆ ಮುಖ ಮಾಡಿ ಮಲಗಿದ್ದವು. ಸುಡುಬಿಸಿಲಲ್ಲಿ ದೊಡ್ಡ ದೊಡ್ಡವರೆಲ್ಲ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ಹಲ್ಲಕ್ಕ ಹಂಚಿದ ಪುಟ್ಟ ಕನ್ನಡಿಗಳನ್ನು ಕೊಳವೆಗಳ ಗಂಟಲಿಗೆ ಇಳಿಸುತ್ತಿದ್ದರು. ಕೆಳಗಿನ ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ತಲೆಯೆತ್ತಿ, "ಏನ್ ಸ್ವಾಮಿ, ಈ ಹೊತ್ತಲ್ಲಿ ಏನು ನೋಡ್ತಾ ಇದ್ದೀರಿ?" ಎಂದು ಕೇಳಿದ.

ಗೋಡೆಗೊರಗಿ ಚಹಾ ಕುಡಿಯುತ್ತಿದ್ದ ಲಿಫ್ಟ್ ಮೆಕ್ಯಾನಿಕ್ ಬಗ್ಗಿ ಉತ್ತರ ಕೊಟ್ಟ: "ನನ್ನ ಹೆಂಡ್ತಿ ಎಲ್ಲರಿಗೂ ಹಗಲಲ್ಲೇ ನಕ್ಷತ್ರ ತೋರಿಸ್ತಾ ಇದ್ದಾಳೆ!"

ಹಲ್ಲಕ್ಕನಿಗೆ ಅದು ಕೇಳಿಸಲಿಲ್ಲ. ಅವಳು ಆರನೆಯ ಕೊಳವೆಯ ಮೇಲೆ ಬಗ್ಗಿದ್ದಳು. ಅದರ ಒಡತಿ, ಬ್ಯಾಂಕಿನ ಗುಮಾಸ್ತೆ, ಪಕ್ಕದಲ್ಲಿ ಮೊಣಕಾಲೂರಿ ಕೊಳವೆಯ ಗಂಟಲಿಗೆ ಕಣ್ಣಿಟ್ಟಿದ್ದಳು.

"ಸ್ವಲ್ಪ ಎಡಕ್ಕೆ ಬನ್ನಿ," ಎಂದು ಹಲ್ಲಕ್ಕ ಅವಳ ತಲೆಯನ್ನು ಮೆಲ್ಲಗೆ ಸರಿಸಿದಳು. "ಇನ್ನೂ ಸ್ವಲ್ಪ. ಕಾಣ್ತಾ? ಅಲ್ಲಿದ್ದಾನೆ ನೋಡಿ."